ಒಬ್ಬರೇ ಕೂಡುವ ಗಾಡಿ

ನಮ್ಮ ಮನೆಯಲ್ಲಿ ಬಾಚಣಿಗೆ ಕೂಡ ಒಬ್ಬರದಲ್ಲ. ಕನ್ನಡಿಯ ಕೆಳಗಿನ ಗೂಡಿನಲ್ಲಿ ಅದು ಬಿದ್ದಿರುತ್ತದೆ. ಯಾರು ಮೊದಲು ಕೈಹಾಕಿದರೋ ಅಷ್ಟು ಹೊತ್ತು ಅವರದು. ಹಾಸಿಗೆಯೆಂದರೆ ಗೋಡೆಯಿಂದ ಗೋಡೆಗೆ ಹಾಸಿದ ಜಮಖಾನೆ, ಊಟವೆಂದರೆ ಪಂಕ್ತಿ, ಹಂಡೆಯಲ್ಲಿ ಕಾದ ನೀರು ಮನೆಮಂದಿಗೆಲ್ಲ ಸೇರಿದ್ದು, ಕೊನೆಗೆ ಬಚ್ಚಲಿಗೆ ಹೋದವರ ಪಾಲಿಗೆ ತಣ್ಣೀರು. ಅಣ್ಣನ ಮೋಟರ್‌ಸೈಕಲ್ಲಿನ ಮೇಲೆ ಮನೆಯ ಅರ್ಧ ಸಂಸಾರ ಏರಿಕೊಂಡು ಬಸವನ ಬಾಗೇವಾಡಿಯ ತನಕ ಮದುವೆಯ ಊಟಕ್ಕೆ ಹೋಗಿಬಂದದ್ದುಂಟು. ಹಾಗೆ ಹೋಗುವಾಗ ಟ್ಯಾಂಕಿನ ಮೇಲೆ ಕೂತ ಮಗುವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಇಂಥ ಮನೆಗೆ, ಸ್ನೇಹಿತರೇ, ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲದಲ್ಲಿ, ಒಬ್ಬರೇ ಕೂಡಬಹುದಾದ ಒಂದು ಗಾಡಿ ಬಂತು. ಬಂದದ್ದು ನನ್ನ, ಎಂದರೆ ಸುಧಾಳ, ಹೆಸರಿಗೆ. ಆಗ ನಾನು ಮುದ್ದೇಬಿಹಾಳದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದೆ, ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಈಗಲೂ ಆಗಿಲ್ಲ, ಅದನ್ನು ಮೊದಲೇ ಹೇಳಿಬಿಟ್ಟರೆ ನೀವು ಈ ಬರಹದ ತುದಿಯಲ್ಲಿ ವರನಿಗಾಗಿ ಕಾಯುವುದು ತಪ್ಪುತ್ತದೆ.

ಆ ಗಾಡಿಗೆ ಗೋ-ಕಾರ್ಟ್ ಎನ್ನುತ್ತಾರೆ. ಬಾಗಿಸಿ ಬೆಸೆದ ಕಬ್ಬಿಣದ ಕೊಳವೆಗಳ ಚೌಕಟ್ಟು, ಕುಳಿತವರ ಬೆನ್ನ ಹಿಂದೆ ಹಳೆಯ ಸ್ಕೂಟರಿನ ಎಂಜಿನ್, ಮೂಲೆಗೊಂದು ಪುಟ್ಟ ಗಾಲಿ, ಕೈಗೆ ಒಂದು ಸ್ಟೇರಿಂಗು. ಬಾಗಿಲಿಲ್ಲ, ತಲೆಯ ಮೇಲೆ ಮಾಡು ಇಲ್ಲ, ಪಕ್ಕದ ಸೀಟಿಲ್ಲ. ನೆಲಕ್ಕೆ ಎಷ್ಟು ಸಮೀಪವೆಂದರೆ ಕೂತವರು ಕೈ ಇಳಿಬಿಟ್ಟರೆ ಬೆರಳಿಗೆ ಮಣ್ಣು ತಾಗುತ್ತದೆ. ಪುಣೆಯ ಕಾರಖಾನೆಯೊಂದರಲ್ಲಿದ್ದ ನನ್ನ ಸೋದರಮಾವ ತನ್ನ ಹರೆಯದಲ್ಲಿ ಇದನ್ನು ತಾನೇ ಕಟ್ಟಿಕೊಂಡು, ರವಿವಾರ ಬಂತೆಂದರೆ ಊರಾಚೆಯ ಬಯಲಿನಲ್ಲಿ ಗೆಳೆಯರೊಡನೆ ಪಂದ್ಯ ಕಟ್ಟಿ ಓಡಿಸುತ್ತಿದ್ದ. ಶಾಲೆಯ ಸೂಟಿಗೆ ಹೋದಾಗ ಒಮ್ಮೆ, ನಾನಿನ್ನೂ ಎರಡು ಜಡೆಯ ಹುಡುಗಿ, ಕಾಲಿಗೆ ಪೆಡಲು ಎಟಕಲೆಂದು ಬೆನ್ನಿಗೊಂದು ದಿಂಬು ಕೊಟ್ಟು ನನ್ನನ್ನು ಅದರಲ್ಲಿ ಕೂಡಿಸಿದ. ಕೂಡಿಸಿ, ಜೊತೆಗೆ ಓಡದೆ, ಹಿಂದೆ ಹಿಡಿಯದೆ, ದೂರ ಹೋಗಿ ನಿಂತುಬಿಟ್ಟ. ಮುಂದೆ ಯಾರೂ ಕೂಡದೆ, ಹಿಂದಿನಿಂದ ಯಾರೂ ಹೆಸರು ಹಿಡಿದು ಕರೆಯದೆ, ನಾನೇ ಆರಿಸಿಕೊಂಡ ದಿಕ್ಕಿಗೆ ನಾನು ಹೋದದ್ದು ಅದೇ ಮೊದಲು. ಬಹಳ ವರ್ಷ ಅದೇ ಕೊನೆಯದೂ ಆಗಿತ್ತು. ಮಾಮಾ ತೀರಿಕೊಂಡ ಮೇಲೆ ಅವನ ಮಕ್ಕಳು ಫೋನು ಮಾಡಿ, ಹಿತ್ತಲಿನಲ್ಲಿ ತುಕ್ಕು ಹಿಡಿದಿದೆ, ಗುಜರಿಗೆ ಹಾಕೋಣವೇ ಎಂದು ಕೇಳಿದರು. ಯೋಚಿಸದೆ, ಯಾರನ್ನೂ ಕೇಳದೆ, ನನಗೆ ಕಳಿಸಿರಿ ಎಂದೆ.

ಪುಣೆಯ ಲಾರಿ ಅದನ್ನು ಝಳಕಿಯ ಹೆದ್ದಾರಿಯಲ್ಲಿ ಇಳಿಸಿ ಇಂಡಿ ಊರಿನ ಕಡೆ ಹೊರಳಿಕೊಂಡಿತು. ಬಾಡಿಗೆಯ ಟೆಂಪೊ ಬರುವವರೆಗೆ ನಾನೂ ಅದೂ ಚಹಾದಂಗಡಿಯ ಮುಂದೆ ನಿಂತಿದ್ದೆವು. ಸುತ್ತ ಮಂದಿ ಕೂಡಿದರು. ಒಬ್ಬರು ಬಿತ್ತುವ ಕೂರಿಗೆಯೆಂದರು, ಇನ್ನೊಬ್ಬರು ಹುಲ್ಲು ಕೊಯ್ಯುವ ಯಂತ್ರವೆಂದರು. ತಲೆಗೆ ಪಟಕಾ ಸುತ್ತಿದ ಹಿರಿಯರೊಬ್ಬರು ಅದನ್ನು ಸುತ್ತಿ ಬಂದು, ಬಗ್ಗಿ ಹೊಟ್ಟೆ ನೋಡಿ, ನೆಟ್ಟಗಾಗಿ ನನ್ನನ್ನು ಕೇಳಿದರು:

“ಅಕ್ಕಾರ, ಇದರಲೆ ಏನ್ ಉಪಯೋಗ ಐತ್ರಿ?”

“ಏನೂ ಇಲ್ರಿ.”

“ಮತ್ತ ಮನಿಗ್ಯಾಕ ಒಯ್ಯಾಕತ್ತೀರಿ?”

ನನಗೆ ನಗು ಬರಬೇಕಿತ್ತು, ಸಿಟ್ಟು ಬಂತು. ಆ ಹಿರಿಯರ ಮೇಲಲ್ಲ; ಪಾಪ, ಅವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದರು. ಆದರೆ ಈ ಪ್ರಶ್ನೆಯ ಮುಖ ನನಗೆ ಪರಿಚಿತವಾಗಿತ್ತು. ವರ್ಷಗಟ್ಟಲೆ ಮದುವೆಮುಂಜಿಗಳಲ್ಲಿ, ಅರಿಶಿನ ಕುಂಕುಮದ ಕರೆಗಳಲ್ಲಿ, ಬಸ್ಸಿನ ಪಕ್ಕದ ಸೀಟಿನಲ್ಲಿ ಜನ ನನ್ನನ್ನು ಸುತ್ತಿ ನೋಡಿ, ಮೆಲುದನಿಯಲ್ಲಿ, ಬಲು ಅಕ್ಕರೆಯಿಂದ, ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿದ್ದುದು ಇದನ್ನೇ. ಕೊಡ ನೀರಿಗೆ, ಮೊರ ಕಾಳಿಗೆ, ಹೆಣ್ಣು ಮನೆಗೆ ಎಂಬ ಎಣಿಕೆಯಲ್ಲಿ ಯಾವುದಕ್ಕೂ ಇಲ್ಲದೆ ಸುಮ್ಮನೆ ಇರುವ ವಸ್ತುವೊಂದು ಕಣ್ಣಿಗೆ ಬಿದ್ದರೆ ನಮ್ಮ ಜನಕ್ಕೆ ನಿದ್ದೆ ಬರುವುದಿಲ್ಲ.

ಗಾಡಿ ಅಂಗಳಕ್ಕೆ ಬಂದ ದಿನದಿಂದ ಎಲ್ಲರೂ ಅದನ್ನು ಸುಧಾರಿಸತೊಡಗಿದರು. ಹಿಂದೊಂದು ಕ್ಯಾರಿಯರ್ ಬೆಸೆದರೆ ಜೋಳದ ಚೀಲ ಒಯ್ಯಬಹುದು ಎಂದು ಅಣ್ಣ. ಬಿಸಿಲಿಗೆ ಒಂದು ಮಾಡು ಬೇಕು ಎಂದು ಅವ್ವ. ಪಕ್ಕದ ಮನೆಯವರಿಗಂತೂ ಎರಡನೆಯ ಸೀಟಿಲ್ಲದ್ದೇ ದೊಡ್ಡ ಚಿಂತೆ. ಒಬ್ಬರೇ ಎಲ್ಲಿಗೆ ಹೋಗುತ್ತಾರೆ, ಹೋದರೂ ಅಲ್ಲಿ ಯಾರ ಜೊತೆ ಮಾತಾಡುತ್ತಾರೆ ಎಂದು ಅವರು ನಿಜವಾಗಿ ಮರುಗಿದರು. ಎಲ್ಲರ ಸುಧಾರಣೆಯನ್ನೂ ಒಪ್ಪಿಕೊಂಡಿದ್ದರೆ ಕೊನೆಗೆ ಅದೊಂದು ಆಟೊರಿಕ್ಷಾ ಆಗುತ್ತಿತ್ತು. ನನ್ನನ್ನೂ ಹೀಗೆಯೇ ಸುಧಾರಿಸಲು ನೋಡಿದವರು ಕಡಿಮೆಯಲ್ಲ: ಕನ್ನಡಕ ತೆಗೆದರೆ ಚೆಂದ, ಮಾತು ಕಡಿಮೆ ಮಾಡಿದರೆ ಇನ್ನೂ ಚೆಂದ, ಹೊಲಿಗೆ ಕಲಿತರೆ ಸಿಂದಗಿಯ ಆ ಸಂಬಂಧ ಕೈತಪ್ಪುತ್ತಿರಲಿಲ್ಲ. ಒಂದು ವಸ್ತುವನ್ನು ಉತ್ತಮಪಡಿಸುವುದು ಬೇರೆ, ಅದು ಅದಾಗಿರದಂತೆ ಮಾಡುವುದು ಬೇರೆ. ಈ ವ್ಯತ್ಯಾಸ ನನಗೆ ಮೈಮೇಲೆ ಅನುಭವವಾಗಿ ಗೊತ್ತಿತ್ತು, ಆದ್ದರಿಂದ ಗಾಡಿಯ ವಿಷಯದಲ್ಲಿ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ.

ಹಾಗೆಂದು ಹಳೆಯದನ್ನೆಲ್ಲ ಹಾಗೆಯೇ ಉಳಿಸಿದೆನೆಂದು ತಿಳಿಯಬೇಡಿ. ಎಂಜಿನ್ ಜಾಮಾಗಿತ್ತು. ವಿಜಾಪುರಕ್ಕೆ ಒಯ್ದು ಬೋರ್ ಮಾಡಿಸಿ, ಹೊಸ ಪಿಸ್ಟನ್ನು ರಿಂಗು ಹಾಕಿಸಿಕೊಂಡು ಬಂದೆ. ಪಟ್ಟಿಯ ಬ್ರೇಕು ಹೆಸರಿಗಷ್ಟೇ ಇತ್ತು. ಅದನ್ನು ಕಿತ್ತು ಮೊಪೆಡ್ಡಿನ ಡ್ರಮ್ ಬ್ರೇಕು ಕೂಡಿಸಿದೆ. ಪುಣೆಯ ನುಣುಪು ಬಯಲಿಗೆ ಸರಿಹೋಗಿದ್ದ ಪುಟ್ಟ ಗಾಲಿಗಳ ಮೇಲೆ ಗಾಡಿ ನಮ್ಮ ರಸ್ತೆಯ ಉಬ್ಬು ತಗ್ಗುಗಳಿಗೆ ಹೊಟ್ಟೆ ಉಜ್ಜಿಸಿಕೊಳ್ಳುವಂತಿತ್ತು. ಸ್ಕೂಟರಿನ ಗಾಲಿ ಹಾಕಿಸಿದ್ದಕ್ಕೆ ಗಾಡಿ ನೆಲ ಬಿಟ್ಟು ಗೇಣುದ್ದ ಎದ್ದು ನಿಂತಿತು. ಪಂದ್ಯದ ಕಾಲದಲ್ಲಿ ಮಾಮಾ ಪೆಟ್ರೋಲಿಗೆ ಔಡಲೆಣ್ಣೆ ಬೆರೆಸುತ್ತಿದ್ದನೆಂಬುದು ನೆನಪಿತ್ತು. ಅದನ್ನು ಬೆರೆಸಿ ಎಂಜಿನ್ ಚಾಲೂ ಮಾಡಿದರೆ ಬಂದ ಹೊಗೆಯಲ್ಲಿ, ನಾವು ಹುಡುಗರಿದ್ದಾಗ ಹೊಟ್ಟೆ ತೊಳೆಯಲೆಂದು ಅವ್ವ ಮೂಗು ಹಿಡಿದು ಕುಡಿಸುತ್ತಿದ್ದ ಔಷಧದ ವಾಸನೆಯಿತ್ತು. ಅಣ್ಣ ಆ ವಾಸನೆಗೇ ಅಂಗಳ ಬಿಟ್ಟು ಹೊರಗೆ ನಡೆದ. ಎಂಜಿನ್ನಿನ ಹೊಟ್ಟೆ ಹೊಸದು, ಬ್ರೇಕು ಮೊಪೆಡ್ಡಿನದು, ಗಾಲಿ ಸ್ಕೂಟರಿನದು ಎಂದ ಮೇಲೆ ಮಾಮಾನ ಗಾಡಿ ಎಲ್ಲಿ ಉಳಿಯಿತು ಎಂದು ನೀವು ಕೇಳಬಹುದು. ಒಬ್ಬರೇ ಕೂಡುವ ಆ ಸೀಟಿನಲ್ಲಿ ಉಳಿಯಿತು ಎಂದು ನನ್ನ ಉತ್ತರ. ಬಿರುಕು ಬಿಟ್ಟಿದ್ದ ಅದಕ್ಕೆ ತೇಪೆ ಹಾಕಿದೆನೇ ಹೊರತು ಅಗಲ ಮಾಡಲಿಲ್ಲ.

ಕಬ್ಬಿಣದ ಕೆಲಸವೆಲ್ಲ ನಾಲತವಾಡದ ರಸ್ತೆಯ ಮೌನೇಶಪ್ಪನದು. ಅವನ ಹಿರಿಯರು ಎತ್ತಿನ ಚಕ್ಕಡಿ ಕಟ್ಟುವವರು; ಅವನು ವೆಲ್ಡಿಂಗ್ ಅಂಗಡಿ ಇಟ್ಟಿದ್ದರೂ ಚಕ್ಕಡಿಯ ಅಭಿಮಾನ ಬಿಟ್ಟಿರಲಿಲ್ಲ. ತನಗೆ ತಿಳಿಯದ ಗಾಡಿ ಭೂಮಿಯ ಮೇಲಿಲ್ಲವೆಂಬ ಧಿಮಾಕು ಬೇರೆ. ಹಿಂದಿನ ಗಾಲಿಗಳನ್ನು ಅವನು ತನ್ನ ಮನಸ್ಸಿನಂತೆ ಕೂಡಿಸಿ, ಬೇರಿಂಗ್ ಹಾಕಿ, ಗ್ರೀಸ್ ತುಂಬಿ, ಬೆರಳಿನಿಂದ ತಳ್ಳಿ ತೋರಿಸಿದ. ಗಾಲಿ ಗಿರಗಿರನೆ ತಿರುಗಿ ನಿಲ್ಲುವ ಮನಸ್ಸೇ ಮಾಡಲಿಲ್ಲ. ಅದನ್ನು ಕಂಡು ಅವನೂ ಹಿಗ್ಗಿದ, ನಾನೂ ಹಿಗ್ಗಿದೆ. ಓಣಿಯ ಮಂದಿಯನ್ನೆಲ್ಲ ನಿಲ್ಲಿಸಿಕೊಂಡು, ಸೀರೆಯನ್ನು ಮುದ್ದೆ ಮಾಡಿ ಹಿಡಿದು, ನಾನು ಕೂತೆ. ಅವನು ಕಿಕ್ ಹೊಡೆದ. ಎಂಜಿನ್ ಎದ್ದಿತು, ಔಡಲೆಣ್ಣೆಯ ಹೊಗೆ ಎದ್ದಿತು, ಗಾಡಿ ಮಾತ್ರ ಕದಲಲಿಲ್ಲ. ಇನ್ನಷ್ಟು ಒತ್ತಿದೆ. ಗರ್ಜನೆ ಹೆಚ್ಚಿತು, ಗಾಡಿ ನಿಂತಲ್ಲಿಯೇ ನಡುಗಿತು.

ಅಣ್ಣ ಕಟ್ಟೆಯ ಮೇಲೆ ನಿಂತಿದ್ದವನು ಎಲ್ಲರಿಗೂ ಕೇಳುವಂತೆ ಹೇಳಿದ: “ಎಂಜಿನ್ ಒದರ್ಲಿಕತ್ತದ, ಗಾಡಿ ನಿಂತಲ್ಲೇ ನಿಂತದ. ಥೇಟ್ ನಮ್ಮ ಸುಧಾನ ಗತೆ.”

ಓಣಿಗೆ ಓಣಿಯೇ ನಕ್ಕಿತು. ಅಣ್ಣ ಕೆಟ್ಟವನಲ್ಲ, ಮಾತು ಕೈತಪ್ಪಿ ಬಿದ್ದದ್ದೂ ಇರಬಹುದು. ಆದರೂ ನನ್ನ ಕಿವಿಯವರೆಗೆ ರಕ್ತ ಏರಿತು, ಮತ್ತು ಆ ಕ್ಷಣದಲ್ಲಿ ಈ ಗಾಡಿ ನಡೆಯಬೇಕು, ನನ್ನ ಕೈಯಲ್ಲೇ ನಡೆಯಬೇಕು ಎಂಬುದು ಆಸೆಯಾಗಿ ಉಳಿಯದೆ ಹಟವಾಯಿತು. ಮಂದಿ ಕರಗಿದ ಮೇಲೆ ನಾನೂ ಮೌನೇಶಪ್ಪನೂ ನೆಲಕ್ಕೆ ಕೆನ್ನೆ ಹಚ್ಚಿ ಗಾಡಿಯ ಅಡಿಯಲ್ಲಿ ನೋಡಿದೆವು. ಚೈನು ಅಚ್ಚನ್ನು ತಿರುಗಿಸುತ್ತಿತ್ತು, ಅಚ್ಚು ಗಾಲಿಯೊಳಗೆ ತನ್ನಷ್ಟಕ್ಕೆ ತಿರುಗುತ್ತಿತ್ತು, ಗಾಲಿಗಳು ಏನೂ ಸಂಬಂಧವಿಲ್ಲದಂತೆ ನಿಂತಿದ್ದವು. ಚಕ್ಕಡಿಯಲ್ಲಿ ಅಚ್ಚು ಮಿಸುಕುವುದಿಲ್ಲ, ಗಾಲಿ ಅದರ ಮೇಲೆ ಹಗುರಾಗಿ ತಿರುಗುತ್ತದೆ. ಇವನು ಇದನ್ನೂ ಹಾಗೆಯೇ ಕಟ್ಟಿದ್ದ.

“ಗಾಲಿ ತಿರುಗಬೇಕಂದ್ರ ಅಚ್ಚಿನ ಮ್ಯಾಲ ಹಗುರ ಇರಬೇಕ್ರಿ ಅಕ್ಕಾರ. ನಮ್ಮಪ್ಪ, ನಮ್ಮಜ್ಜ ಎಲ್ಲಾರೂ ಹಿಂಗ ಕಟ್ಯಾರ,” ಎಂದ ಮೌನೇಶಪ್ಪ, ಸೋಲೊಪ್ಪದೆ.

“ನಿಮ್ಮಜ್ಜಾರ ಗಾಡಿ ಎತ್ತು ಎಳೀತಿದ್ದುವು ಮೌನೇಶಪ್ಪಾ. ಇದಕ್ಕ ಮುಂದ ಎತ್ತಿಲ್ಲ. ಅಚ್ಚ ಗಾಲೀನ ಹಿಡಕೊಂಡು ಓಡಬೇಕು.”

ಬಹಳ ಹೊತ್ತು ತಲೆ ಕೆರೆದುಕೊಂಡು, ಬೇರಿಂಗ್ ಕಿತ್ತು, ಕೀಲು ಬಡಿದು ಗಾಲಿಗಳನ್ನು ಅಚ್ಚಿಗೆ ಬಿಗಿದ. ಬಿಗಿದ ಮೇಲೆ ಇನ್ನೊಂದು ಸಂಗತಿ ಗೊತ್ತಾಯಿತು. ಎರಡು ಗಾಲಿಗಳೂ ಒಂದೇ ಅಚ್ಚಿಗೆ ಕಚ್ಚಿಕೊಂಡ ಗಾಡಿ ನೇರ ಓಡುವುದು ಸುಲಭ, ತಿರುಗುವುದು ಕಷ್ಟ. ತಿರುವಿನಲ್ಲಿ ಒಳಗಿನ ಗಾಲಿ ಕ್ಷಣಹೊತ್ತು ನೆಲ ಬಿಟ್ಟು ಏಳಬೇಕು. ನಾಲ್ಕೂ ಕಾಲು ಊರಿಕೊಂಡೇ ತಿರುಗುತ್ತೇನೆಂದರೆ ಅದು ಮುಂದಕ್ಕೆ ಜಾರಿ ಬೇಲಿಗೆ ಹೋಗುತ್ತದೆ. ಇದನ್ನು ನಾನು ರವಿವಾರಗಳಂದು ಊರ ಹೊರಗಿನ ಕಣದಲ್ಲಿ, ಜಾಲಿಯ ಮುಳ್ಳಿನಿಂದ ಮೈ ಗೀರಿಸಿಕೊಂಡು ಕಲಿತೆ. ಎದ್ದ ಗಾಲಿಯ ಭಯ ಹೋಗುವವರೆಗೆ ಯಾರಿಗೂ ತೋರಿಸಲಿಲ್ಲ.

ಅಷ್ಟರಲ್ಲಿ ನವರಾತ್ರಿ ಬಂತು, ಜೊತೆಗೆ ಇಂಡಿಯ ಕಡೆಯಿಂದ ಒಂದು ಸಂಬಂಧವೂ ಬಂತು. ಅಣ್ಣ ಊಟಕ್ಕೆ ಕೂತಾಗ ಮಾತು ತೆಗೆದ.

“ದಸರಾ ಮುಗದ ಮರುದಿನ ಇಂಡಿಯವರು ನಿನ್ನ ನೋಡ್ಲಿಕ್ಕೆ ಬರ್ತಾರ. ಅಷ್ಟರೊಳಗ ಆ ಗಾಡಿ ಅಂಗಳದಾಗ ಇರಬಾರದು. ಸಿಂದಗಿ ಕಾಕಾ ಎಂಜಿನ್ ಕೇಳ್ಯಾನ, ಬೆಳಿಗೆ ಔಷಧ ಹೊಡಿಯೂ ಪಂಪಿಗೆ ಹಚ್ಚತಾನಂತ. ಒಯ್ಯಲಿ.”

“ನಾ ನಡಸಿ ತೋರಿಸಿದ್ರ?”

“ಸೀರಿ ಉಟ್ಟು ಹ್ಯಾಂಗ ನಡಸ್ತೀ? ಸೆರಗು ಚೈನಿನಾಗ ಸಿಕ್ಕರ ಕುತ್ತಿಗಿಗೇ ಬರ್ತದ. ಅದು ಹೆಣ್ಣಮಕ್ಕಳು ಕೂಡೂ ಗಾಡಿ ಅಲ್ಲವ್ವಾ.”

“ದಸರಾದ ದಿನಾ ನಾಕ ಮಂದಿ ಎದುರಿಗೆ ನಡಸ್ತೇನಿ. ನಡಸಿದ್ರ ಗಾಡಿ ಇಲ್ಲೇ ಇರ್ತದ. ಇಲ್ಲಾಂದ್ರ ಕಾಕಾ ಒಯ್ಯಲಿ, ನಾ ಪಿಟ್ಟಂತ ಅನ್ನೂದಿಲ್ಲ.”

ಅಣ್ಣ ಹೂಂ ಎಂದ. ಆಗದ ಮಾತಿಗೆ ಹೂಂ ಎನ್ನುವುದು ಸುಲಭ. ವೈನಿ, ಎಂದರೆ ಅಣ್ಣನ ಹೆಂಡತಿ, ಸಾರು ಬಡಿಸುತ್ತಿದ್ದಳು. ಅವಳು ಇಂಥ ಮಾತುಗಳಲ್ಲಿ ಬಾಯಿ ಹಾಕುವವಳಲ್ಲ. ನಾನು ಎಂಜಿನ್ ಬಿಚ್ಚಿ ಕೂತಾಗೆಲ್ಲ ಹಿಟ್ಟಿನ ಕೈಯಲ್ಲಿ ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಂಗಳಕ್ಕೆ ಎಣ್ಣೆ ಚೆಲ್ಲುತ್ತದೆಂಬ ಬೇಸರವಿರಬೇಕೆಂದುಕೊಂಡು ನಾನು ಚೀಲ ಹಾಸಿ ಕೆಲಸ ಮಾಡುತ್ತಿದ್ದೆ.

ಅಣ್ಣನ ಮಾತಿನಲ್ಲಿ ಚೈನಿನ ವಿಷಯ ಮಾತ್ರ ನಿಜವಾಗಿತ್ತು. ಶೇಂಗಾ ಎಣ್ಣೆಯ ಡಬ್ಬಿಯನ್ನು ಕತ್ತರಿಸಿ ಚೈನಿಗೊಂದು ಮುಚ್ಚಳ ಮಾಡಿಸಿದೆ. ಆದರೂ ಗಾಳಿಗೆ ಹಾರುವ ಸೆರಗು, ಕಾಲಿಗೆ ತೊಡರುವ ನಿರಿಗೆ ಹಾಗೆಯೇ ಉಳಿದವು. ಚೂಡಿದಾರ ಹಾಕಬಹುದಿತ್ತು, ಆದರೆ ಆಗ ನಮ್ಮೂರಲ್ಲಿ ಸಾಲಿಯ ಅಕ್ಕಾರು, ಎಂದರೆ ಶಿಕ್ಷಕಿಯರು, ಚೂಡಿದಾರ ಹಾಕಿದರೆ ಅದೇ ಎಂಟು ದಿನದ ಸುದ್ದಿ, ಗಾಡಿಯನ್ನು ಯಾರೂ ನೋಡುತ್ತಿರಲಿಲ್ಲ. ಹೀಗೆ ಯೋಚಿಸುತ್ತಿರುವಾಗ, ದಸರೆಯ ದಿನ ಮಧ್ಯಾಹ್ನ, ಅವ್ವ ತನ್ನ ಟ್ರಂಕು ತೆಗೆದು ಹದಿನೆಂಟು ಮೊಳದ ಒಂದು ಸೀರೆ ಹೊರಗಿಟ್ಟಳು. ಅಪ್ಪ ಹೋದಂದಿನಿಂದ ಆ ಸೀರೆ ಬೆಳಕು ಕಂಡಿರಲಿಲ್ಲ.

“ಬಾ ಇಲ್ಲೆ. ಕಚ್ಚಿ ಹಾಕಿ ಉಡಸ್ತೇನಿ. ಸೆರಗು ನಡಕ್ಕ ಬಿಗದ್ರ ಗಾಳಿಗೂ ಸಿಗೂದಿಲ್ಲ, ಚೈನಿಗೂ ಸಿಗೂದಿಲ್ಲ.”

ಕಚ್ಚೆ ನಮ್ಮಲ್ಲಿ ಮುತ್ತೈದೆಯರ ಉಡುಗೆ. ಎಡವಟ್ಟಾದೀತೆಂದು ನಾನೇ ನೆನಪಿಸಿದೆ: “ಅವ್ವಾ, ಲಗ್ನ ಆಗದಾಕಿ ಕಚ್ಚಿ ಉಡಬಾರದಲ್ಲ.”

“ಉಡಬಾರದು,” ಎಂದಳು ಅವ್ವ. ನಿರಿಗೆ ಹಿಡಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಆ ಸೀರೆಯನ್ನು ಕಾಲುಗಳ ನಡುವೆ ಹಾಯಿಸಿ, ಬೆನ್ನಿಗೆ ಸಿಗಿಸಿ, ಸೆರಗನ್ನು ಟೊಂಕಕ್ಕೆ ಎಳೆದು ಬಿಗಿದಾಗ ನನಗೆ ಹೊಳೆಯಿತು: ನಮ್ಮ ಮುತ್ತಜ್ಜಿಯರು ಮಡಿಯ ಹೆಸರಿನಲ್ಲಿ ಉಟ್ಟುಕೊಂಡು ಬಂದದ್ದು ಓಡುವವರ ಉಡುಗೆ. ಓಡುವುದಕ್ಕೆ ಇಷ್ಟು ಅಣಿಯಾಗಿ ನಿಂತವರನ್ನು ಒಲೆಯ ಮುಂದೆ ಕೂಡಿಸಿಟ್ಟರಲ್ಲ ಎಂದು ನನಗೆ ಅವರೆಲ್ಲರ ಪರವಾಗಿ ಸಿಟ್ಟು ಬಂತು, ಅಳುವೂ ಬಂತು. ಅವ್ವ ಹಿಂದೆ ಸರಿದು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಟ್ರಂಕು ಮುಚ್ಚಿದಳು.

ದಸರೆಯ ಸಂಜೆ ನಮ್ಮ ಮನೆತನದಲ್ಲಿ ಸೀಮೋಲ್ಲಂಘನ. ಗಂಡಸರು ಊರ ಸೀಮೆ ದಾಟಿ ಬನ್ನಿಯ ಗಿಡಕ್ಕೆ ಹೋಗಿ, ಎಲೆ ತಂದು, ಬಂಗಾರವೆಂದು ಹಂಚುತ್ತಾರೆ. ದಾಟಿ ಬಂದವರಿಗೆ ಹೆಂಗಸರು ಹೊಸ್ತಿಲಲ್ಲಿ ಆರತಿ ಬೆಳಗುತ್ತಾರೆ. ದಾಟುವವರು ಯಾರು, ಬೆಳಗುವವರು ಯಾರು ಎಂಬುದರಲ್ಲಿ ಎಂದೂ ಅದಲುಬದಲಾದದ್ದಿಲ್ಲ. ಅದರ ಹಿಂದಿನ ವರ್ಷದವರೆಗೆ ಅಣ್ಣನಿಗೆ ವೈನಿಯ ಜೊತೆ ನಾನೂ ಬೆಳಗಿದ್ದೆ. ಆ ಸಂಜೆ ಅಣ್ಣನೂ ಓಣಿಯ ಗಂಡಸರೂ ಹೊಸ ಬಟ್ಟೆಯುಟ್ಟು ನಡೆದು ಹೋದ ಮೇಲೆ ನಾನು ಗಾಡಿಯನ್ನು ಹೊರಗೆ ನೂಕಿ ಕಿಕ್ ಹೊಡೆದೆ.

ಗಾಡಿ ಹೊರಟಿತು. ಇಷ್ಟು ಸಣ್ಣ ವಾಕ್ಯಕ್ಕೆ ನಾನು ಪಟ್ಟ ಪಾಡು ನಿಮಗೆ ಗೊತ್ತು, ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ, ಗಾಡಿ ಹೊರಟಿತು. ಓಣಿ ಹಿಂದೆ ಬಿತ್ತು, ಮಾರ್ಕೆಟ್ ಯಾರ್ಡಿನ ಗೋಡೆ ಹಿಂದೆ ಬಿತ್ತು, ಊರು ಮುಗಿದು ಎರೆಹೊಲಗಳು ಬಂದವು. ಅಷ್ಟು ಕೆಳಗೆ ಕೂತಾಗ ಭೂಮಿ ಎದೆಯ ಮಟ್ಟಕ್ಕೆ ಬರುತ್ತದೆ, ಬದುವಿನ ಹುಲ್ಲು ಭುಜಕ್ಕೆ ಬರುತ್ತದೆ, ನಡೆದು ಹೋಗುವವರ ಮೊಣಕಾಲುಗಳಷ್ಟೇ ಕಾಣುತ್ತವೆ. ಮುಖ ಕಾಣದ್ದರಿಂದ ಅವರು ಏನೆಂದುಕೊಂಡರೆಂಬುದು ಕಾಣುವುದಿಲ್ಲ. ಸೀಮೆಯ ಕಲ್ಲಿನ ಹತ್ತಿರ ರಸ್ತೆ ಹೊರಳುತ್ತದೆ. ಅಲ್ಲಿ ನಾನು ವೇಗ ತಗ್ಗಿಸಲಿಲ್ಲ. ಒಳಗಿನ ಗಾಲಿ ಎದ್ದಿತು, ತಿರುಗಿದೆ, ಗಾಲಿ ಮರಳಿ ನೆಲ ಹಿಡಿಯಿತು.

ಬನ್ನಿಯ ಗಿಡದ ಕೆಳಗೆ ನಿಂತಿದ್ದ ಗಂಡಸರು ಗಾಡಿಯ ಕಡೆ ಹೊರಳಿದರು. ಮೊದಲು ಬಾಯಿ ಬಂದದ್ದು ಮೌನೇಶಪ್ಪನಿಗೆ. ಗಾಲಿಗಳನ್ನು ಮೊದಲಿನಿಂದಲೂ ತಾನು ಹೀಗೇ ಬಿಗಿಯಬೇಕೆಂದಿದ್ದಾಗಿ ಪಕ್ಕದವರಿಗೆ ಹೇಳುತ್ತ ಮುಂದೆ ಬಂದು, “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಅಕ್ಕಾರ,” ಎಂದು ಕೈಗೆ ಎಲೆ ಇಟ್ಟ. ನಾನು ಅದರಲ್ಲಿ ಅರ್ಧ ಅಣ್ಣನ ಕೈಗೆ ಕೊಟ್ಟು ಕಾಲು ಮುಟ್ಟಿದೆ. ಅವನು ನನ್ನ ಕಚ್ಚೆಯನ್ನು ನೋಡಿದ, ಅದು ಯಾರ ಸೀರೆಯೆಂದು ಗುರುತು ಹಿಡಿದ.

“ಬ್ರೇಕ್ ಹಿಡೀತದೇನು?”

“ಹಿಡೀತದ.”

“ಸಾವಕಾಶ ಹೋಗು. ನಾ ನಡಕೋತ ಬರ್ತೇನಿ.”

ಇಂಡಿಯವರ ವಿಷಯ ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಮರುದಿನ ಬಂದರು, ಅವಲಕ್ಕಿ ತಿಂದರು, ನನಗಿಂತ ಹೆಚ್ಚು ಹೊತ್ತು ಗಾಡಿಯನ್ನು ನೋಡಿದರು, ಪತ್ರ ಬರೆಯುತ್ತೇವೆಂದು ಹೋದರು, ಬರೆಯಲಿಲ್ಲ. ಒಂದು ಗಾಡಿಗೆ ಹೆದರುವವರ ಮನೆಯಲ್ಲಿ ನಾನು ಎಷ್ಟು ದಿನ ಬಾಳುತ್ತಿದ್ದೆ? ಆದರೆ ಆ ಸಂಜೆಯ ಮಾತು ಇನ್ನೂ ಮುಗಿದಿಲ್ಲ.

ನಾನು ಮನೆ ಮುಟ್ಟಿದಾಗ ಗಂಡಸರಿನ್ನೂ ದಾರಿಯಲ್ಲಿದ್ದರು. ಹಬ್ಬಕ್ಕೆಂದು ಕಚ್ಚೆಯುಟ್ಟಿದ್ದ ವೈನಿ ಅಣ್ಣನಿಗಾಗಿ ಆರತಿ ಹಚ್ಚಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಸೀಮೆ ದಾಟಿ ಮೊದಲು ಬಂದವಳು ನಾನು. ವೈನಿ ನನ್ನನ್ನು ನೋಡಿದಳು, ತಟ್ಟೆಯನ್ನು ನೋಡಿದಳು, ಇಳಿದು ಬಂದು ನನ್ನ ಹಣೆಗೆ ಕುಂಕುಮ ಹಚ್ಚಿ ಆರತಿ ಬೆಳಗಿದಳು. ಬೆಳಗಿ ಮುಗಿಸಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು.

“ಇಳಿ,” ಎಂದಳು. “ಯಾವುದು ಒತ್ತಿದ್ರ ನಿಲ್ಲತದ, ಅಷ್ಟ ಹೇಳು. ಹೋಗೂದು ನಾ ನೋಡಕೊಂಡೇನಿ.”

ನಾನು ಇಳಿದೆ. ಒಬ್ಬರೇ ಕೂಡುವ ಗಾಡಿಯಲ್ಲಿ ಇನ್ನೊಬ್ಬರು ಕೂಡಬೇಕೆಂದರೆ ಕೂತವರು ಇಳಿಯಲೇಬೇಕು. ಇಷ್ಟು ದಿನ ಅದರ ಒಂಟಿ ಸೀಟಿಗಾಗಿ ಊರೊಡನೆ ಜಗಳಾಡಿದ ನನಗೆ ಈ ಸರಳ ಲೆಕ್ಕ ಹೊಳೆದಿರಲಿಲ್ಲ. ಬ್ರೇಕು ತೋರಿಸಿದೆ. ವೈನಿ ಸೆರಗು ಬಿಗಿದು ಕೂತಳು, ಒಮ್ಮೆ ಮುಗ್ಗರಿಸಿದಳು, ಆಮೇಲೆ ಓಣಿ ಹಿಡಿದು ಹೊರಟೇಬಿಟ್ಟಳು. ಬಾಗಿಲಲ್ಲಿ ನಿಂತು ನೋಡಿ ನೋಡಿಯೇ ಎಲ್ಲ ಕಲಿತುಕೊಂಡಿದ್ದಳು. ಬನ್ನಿ ಹಿಡಿದು ಬರುತ್ತಿದ್ದ ಗಂಡಸರು ಓಣಿಯ ಎರಡೂ ಬದಿಗೆ ಸರಿದು ಗೋಡೆಗೆ ಅಂಟಿಕೊಂಡರು. ಅವರ ನಡುವೆ ಹಾಯ್ದು, ತಿರುವಿನಲ್ಲಿ ಒಂದು ಗಾಲಿ ಎತ್ತಿ, ಅವಳು ಕಣ್ಮರೆಯಾದಳು.

ಅಣ್ಣ ಬಂದು ಹೊಸ್ತಿಲ ಮುಂದೆ ನಿಂತ. ಪ್ರತಿವರ್ಷದಂತೆ ತಲೆಯ ಮೇಲೆ ಟೊಪ್ಪಿಗೆ ಸರಿಮಾಡಿಕೊಂಡು, ಆರತಿಗೆ ಮುಖ ಒಡ್ಡಿ, ನನ್ನ ಕೈಯ ತಟ್ಟೆಯ ಕಡೆ ನೋಡಿದ. ಗಾಳಿ ಬೀಸುತ್ತಿತ್ತು. ನಾನು ದೀಪಕ್ಕೆ ಅಂಗೈ ಅಡ್ಡ ಹಿಡಿದುಕೊಂಡೆ.

“ತಡಿ ಅಣ್ಣ,” ಎಂದೆ. “ವೈನಿ ಸೀಮಿ ದಾಟಿ ಬರಲಿ. ಮೊದಲ ಆಕಿಗೆ.”